ಬತ್ತಿದ ಬಾವಿಗಳ ಲೆಕ್ಕ

ನೆಲದೊಳಗಿನ ನೀರನ್ನು ಕಾಣುವ ವಿದ್ಯೆ ನಮ್ಮ ಭಾಷೆಗೆ ಹೊಸತಲ್ಲ. ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯ 'ಲೋಕೋಪಕಾರ'ದಲ್ಲಿ ಅಡುಗೆ, ವೈದ್ಯ, ವೃಕ್ಷಾಯುರ್ವೇದಗಳ ಜೊತೆಗೆ ನೀರು ಕಾಣುವ ಬಗೆಯನ್ನೂ ಕನ್ನಡದಲ್ಲಿ ಬರೆದಿಟ್ಟ. ಯಾವ ಮರದ ಪಕ್ಕದಲ್ಲಿ ಹುತ್ತವಿದ್ದರೆ ಯಾವ ದಿಕ್ಕಿನಲ್ಲಿ, ಎಷ್ಟು ಆಳದಲ್ಲಿ ಸೆಲೆ ಸಿಕ್ಕೀತು ಎಂಬಂಥ ಲಕ್ಷಣಗಳೇ ಈ ಶಾಸ್ತ್ರದ ಜೀವಾಳ. ಇಂದಿಗೂ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಬೋರ್‌ವೆಲ್ ಲಾರಿ ಬರುವ ಮುನ್ನ, ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರನ್ನು ಕರೆಯಿಸುತ್ತಾರೆ. ಕಾಯಿ ಎದ್ದು ನಿಂತ ಜಾಗವೇ 'ಪಾಯಿಂಟು'. ಅಲ್ಲಿ ಒಂದು ಕಲ್ಲು ನೆಟ್ಟು, ಕುಂಕುಮ ಹಚ್ಚಿ, ಲಾರಿಯವರಿಗೆ ಫೋನು ಮಾಡುತ್ತಾರೆ. ಲಾರಿ ಬಹುಮಟ್ಟಿಗೆ ತಮಿಳುನಾಡಿನ ತಿರುಚೆಂಗೋಡಿನದು. ಚೆನ್ನೈಯಲ್ಲಿರುವ ನಮ್ಮ ಓದುಗ ಬಂಧುಗಳು ಆ ಊರಿನ ಹೆಸರನ್ನು ಹೆದ್ದಾರಿಯ ರಿಗ್ ಲಾರಿಗಳ ಮೇಲೆ ಓದಿಯೇ ಇರುತ್ತಾರೆ.

ಈ ವಿದ್ಯೆಗಳೆಲ್ಲ ಉತ್ತರಿಸುತ್ತಿದ್ದುದು ನೀರು ಎಲ್ಲಿದೆ ಎಂಬ ಪ್ರಶ್ನೆಗೆ. ಎಷ್ಟಿದೆ, ಹೋದ ವರ್ಷಕ್ಕಿಂತ ಕಡಿಮೆಯಾಯಿತೇ ಎಂದು ತಿಳಿಯಲು ಶಾಸ್ತ್ರ ಬೇಕಿರಲಿಲ್ಲ. ತೆರೆದ ಬಾವಿಯೊಳಗೆ ಬಗ್ಗಿ ನೋಡಿದರೆ ಸಾಕಿತ್ತು. ಕಪಿಲೆ ಹೊಡೆಯುವವನಿಗೆ ಹಗ್ಗದ ಉದ್ದವೇ ಲೆಕ್ಕ ಹೇಳುತ್ತಿತ್ತು. ಆರಂಗುಲದ ಕೊಳವೆಬಾವಿ ಬಂದ ಮೇಲೆ ಬಗ್ಗಿ ನೋಡುವುದಕ್ಕೆ ಏನೂ ಉಳಿಯಲಿಲ್ಲ. ಮೋಟಾರು ನೀರೆತ್ತುವವರೆಗೆ ನೀರಿದೆ ಎಂದರ್ಥ. ಒಂದು ಬೆಳಿಗ್ಗೆ ಪೈಪಿನ ಬಾಯಿಂದ ಗಾಳಿ ಬಂದರೆ ಇಲ್ಲ ಎಂದರ್ಥ. ನಡುವಿನ ಇಪ್ಪತ್ತು ವರ್ಷಗಳಲ್ಲಿ ಏನಾಯಿತೆಂಬುದನ್ನು ಕಂಡವರಿಲ್ಲ.

ದೇಶದ ಮಟ್ಟದಲ್ಲಿಯೂ ಸ್ಥಿತಿ ಬಹಳ ಬೇರೆಯಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2023ರ ಅಂದಾಜಿನಂತೆ ಭಾರತ ಒಂದು ವರ್ಷಕ್ಕೆ ನೆಲದಿಂದ ಎತ್ತುವ ನೀರು ಸುಮಾರು 241 ಘನ ಕಿಲೋಮೀಟರ್. ಕನ್ನಡಿಗರಿಗೆ ಅರ್ಥವಾಗುವ ಅಳತೆಯಲ್ಲಿ ಹೇಳುವುದಾದರೆ, ತುಂಬಿದ ಕನ್ನಂಬಾಡಿ ಕಟ್ಟೆಯ 49.45 ಟಿಎಂಸಿಯನ್ನು ಒಂದು ಅಳತೆಯ ಕೊಳಗವೆಂದುಕೊಂಡರೆ, ಅಂಥ 170 ಕೊಳಗ. ಆದರೆ 'ಅಂದಾಜು' ಎಂಬ ಮಾತನ್ನು ಇಲ್ಲಿ ಅಕ್ಷರಶಃ ಗ್ರಹಿಸಬೇಕು. ಕರ್ನಾಟಕದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತ, ಪಂಜಾಬಿನಲ್ಲಿಯೂ ಉಚಿತ. ಬಿಲ್ಲಿಲ್ಲದ ಕಡೆ ಮೀಟರು ಓದುವವರು ಯಾರು? ಬಾವಿಗಳ ಸಂಖ್ಯೆಯನ್ನೂ, ಒಂದು ಬಾವಿ ಇಷ್ಟು ಎತ್ತೀತೆಂಬ ಸೂತ್ರವನ್ನೂ ಗುಣಿಸಿ, ಬೆಳೆಯ ವಿಸ್ತೀರ್ಣದ ಜೊತೆ ತಾಳೆ ನೋಡಿ ಮೊತ್ತ ಬರೆಯಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲ ಬಳಸುವ ದೇಶದ ಖಾತೆಪುಸ್ತಕವಿದು.

ಇಂಥ ದೇಶದ ನೀರನ್ನು ಹೊರಗಿನಿಂದ ಯಾರೋ ತಕ್ಕಡಿಯಲ್ಲಿಟ್ಟು ತೂಗಿದರು ಎಂಬ ಸುದ್ದಿ 2009ರ ಆಗಸ್ಟಿನಲ್ಲಿ ಬಂತು.

ತೂಗಿದ್ದು ಗ್ರೇಸ್ ಎಂಬ ಜೋಡಿ ಉಪಗ್ರಹಗಳು. ಅಮೆರಿಕ ಮತ್ತು ಜರ್ಮನಿಯ ಬಾಹ್ಯಾಕಾಶ ಸಂಸ್ಥೆಗಳು ಅವನ್ನು ರಷ್ಯಾದ ಪ್ಲೆಸೆಟ್ಸ್ಕ್‌ನಿಂದ ಹಾರಿಸಿದ್ದು 2002ರ ಮಾರ್ಚ್ 17ರಂದು. (ನಮ್ಮ ದೇಶದ ಮೊದಲ ಪೂರ್ಣಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಬೈಕನೂರಿನಿಂದ ಏರಿದ್ದೂ 1988ರ ಮಾರ್ಚ್ 17ರಂದೇ. ಕಾಕತಾಳೀಯವೇ ಸರಿ, ಆದರೆ ನೆನಪಿಡಲು ಅನುಕೂಲ.) ದೂರಸಂವೇದನೆ ಎಂದೊಡನೆ ನಮಗೆ ಹೊಳೆಯುವುದು ಮೇಲಿನಿಂದ ತೆಗೆದ ಚಿತ್ರ. 2019ರ ಬೇಸಿಗೆಯಲ್ಲಿ ಚೆನ್ನೈಯ ಪುಳಲ್ ಜಲಾಶಯದ ಹಿಂದಿನ ವರ್ಷದ ಚಿತ್ರವನ್ನೂ ಆ ವರ್ಷದ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಅಚ್ಚುಹಾಕಿ ಪತ್ರಿಕೆಗಳು ಬೆಚ್ಚಿಬೀಳಿಸಿದವಲ್ಲ, ಅಂಥದು. ಗ್ರೇಸ್‌ನ ಕೆಲಸಕ್ಕೆ ಕ್ಯಾಮೆರಾದ ಸಂಬಂಧವೇ ಇಲ್ಲ. ಸುಮಾರು 500 ಕಿ.ಮೀ. ಎತ್ತರದಲ್ಲಿ ಒಂದರ ಹಿಂದೆ ಒಂದು, ಸುಮಾರು 220 ಕಿ.ಮೀ. ಅಂತರವಿಟ್ಟುಕೊಂಡು ಈ ಜೋಡಿ ಭೂಮಿಯನ್ನು ಸುತ್ತುತ್ತಿತ್ತು. ಕೆಳಗೆ ಹೆಚ್ಚು ದ್ರವ್ಯವಿರುವ ಪ್ರದೇಶ ಸಮೀಪಿಸಿದಾಗ ಮುಂದಿನದು ಅದರ ಸೆಳೆತಕ್ಕೆ ಮೊದಲು ಸಿಕ್ಕಿ ತುಸು ಮುಂದೋಡುತ್ತದೆ. ನಡುವಿನ ಅಂತರ ಹಿಗ್ಗುತ್ತದೆ. ಹಿಂದಿನದು ಅದೇ ಜಾಗಕ್ಕೆ ಬರುವಾಗ ಅಂತರ ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳು ಕೆಲವು ಮೈಕ್ರಾನುಗಳಷ್ಟು, ಎಂದರೆ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಎರಡರ ನಡುವೆ ಸದಾ ಓಡಾಡುವ ಸೂಕ್ಷ್ಮತರಂಗಗಳು ಅದನ್ನು ಅಳೆಯುತ್ತಿದ್ದವು.

ತಿಂಗಳಿಡೀ ಸುತ್ತಿದರೆ ಭೂಮಿಯ ಗುರುತ್ವದ ಒಂದು ನಕ್ಷೆ ಸಿದ್ಧವಾಗುತ್ತದೆ. ಮುಂದಿನ ತಿಂಗಳಿಗೆ ಮತ್ತೊಂದು. ಒಂದರಿಂದ ಇನ್ನೊಂದನ್ನು ಕಳೆದರೆ ನಂದಿಬೆಟ್ಟವೂ ಹಿಮಾಲಯವೂ ಹೊರಟುಹೋಗುತ್ತವೆ, ಏಕೆಂದರೆ ತಿಂಗಳೊಪ್ಪತ್ತಿನಲ್ಲಿ ಅವುಗಳ ತೂಕ ಬದಲಾಗುವುದಿಲ್ಲ. ಗಾಳಿಯ ತೂಕದ ಏರಿಳಿತವನ್ನು ಬೇರೆ ಲೆಕ್ಕದಿಂದ ತೆಗೆದುಹಾಕಿದರೆ ನೆಲದ ಮೇಲೆ ಉಳಿಯುವ ವ್ಯತ್ಯಾಸ ಬಹುಪಾಲು ನೀರಿನದೇ. ಅದರಿಂದ ಹಿಮ, ಜಲಾಶಯ, ಮೇಲ್ಮಣ್ಣಿನ ತೇವಗಳ ಪಾಲನ್ನು ಕಳೆದಾಗ ಕೊನೆಗೆ ಮಿಕ್ಕುವುದು ಅಂತರ್ಜಲ. ಈ ಕೊನೆಯ ಕಳೆಯುವಿಕೆಯಲ್ಲಿ ಗಣಕ ಮಾದರಿಗಳ ಊಹೆಯೂ ಬೆರೆತಿರುತ್ತದೆ ಎಂಬುದನ್ನು ಮರೆಯಬಾರದು. ಆ ಊಹೆಗೆ ಮುಂದೆ ಬರುತ್ತೇವೆ.

ನಾಸಾದ ಮ್ಯಾಥ್ಯೂ ರೊಡೆಲ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕ ಹೀಗಿತ್ತು: 2002ರ ಆಗಸ್ಟಿನಿಂದ 2008ರ ಅಕ್ಟೋಬರಿನವರೆಗೆ ರಾಜಸ್ಥಾನ, ಪಂಜಾಬ್, ದೆಹಲಿಯೂ ಸೇರಿದ ಹರಿಯಾಣ, ಇಷ್ಟು ಪ್ರದೇಶದ ನೆಲದಡಿಯಿಂದ 109 ಘನ ಕಿಲೋಮೀಟರ್ ನೀರು ಹೋಗಿತ್ತು. ನಮ್ಮ ಕೊಳಗದಲ್ಲಿ ಅಳೆದರೆ 78 ಕನ್ನಂಬಾಡಿ. ವರ್ಷಕ್ಕೆ ಹನ್ನೆರಡಕ್ಕಿಂತ ಹೆಚ್ಚು. ಆ ವರ್ಷಗಳಲ್ಲಿ ಮಳೆ ಒಟ್ಟಿನಲ್ಲಿ ವಾಡಿಕೆಯಷ್ಟೇ ಇತ್ತು, ಆದ್ದರಿಂದ ಬರಗಾಲದ ಮೇಲೆ ಹೊಣೆ ಹೊರಿಸುವಂತಿರಲಿಲ್ಲ. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿ. ಎಂ. ತಿವಾರಿ ಮತ್ತು ಅಮೆರಿಕದ ಇಬ್ಬರು ವಿಜ್ಞಾನಿಗಳು ಉತ್ತರ ಭಾರತ ಮತ್ತು ಸುತ್ತಲಿನ ವಿಶಾಲ ಪ್ರದೇಶಕ್ಕೆ ಮಾಡಿದ ಲೆಕ್ಕ ಇನ್ನೂ ದೊಡ್ಡದು: ವರ್ಷಕ್ಕೆ 54 ಘನ ಕಿಲೋಮೀಟರ್.

ಪಂಜಾಬಿನ ಬಾವಿಗಳು ಇಳಿಯುತ್ತಿವೆ ಎಂಬುದು ಪಂಜಾಬಿನವರಿಗೆ ಗೊತ್ತಿರದ ಸಂಗತಿಯಲ್ಲ. ಉಪಗ್ರಹದ ಪ್ರಬಂಧ ಅಚ್ಚಾಗುವ ಮುನ್ನವೇ, 2008ರ ಸುಗ್ರೀವಾಜ್ಞೆ ಮತ್ತು 2009ರ ಕಾಯ್ದೆಯ ಮೂಲಕ, ಜೂನ್ 10ಕ್ಕಿಂತ ಮೊದಲು ಭತ್ತದ ನಾಟಿ ಮಾಡಕೂಡದೆಂದು ಆ ರಾಜ್ಯ ವಿಧಿಸಿತ್ತು. ಬಿರುಬಿಸಿಲಿನ ಮೇ ತಿಂಗಳಲ್ಲಿ ಗದ್ದೆಗೆ ನೀರು ನಿಲ್ಲಿಸಿ ಆವಿ ಮಾಡುವ ಬದಲು ಮುಂಗಾರಿನ ಹತ್ತಿರಕ್ಕೆ ನಾಟಿಯನ್ನು ತಳ್ಳುವ ಉದ್ದೇಶ. ನಾಟಿ ತಡವಾದ್ದರಿಂದ ಕೊಯ್ಲೂ ತಡವಾಯಿತು, ಗೋಧಿ ಬಿತ್ತನೆಗೆ ಹೊಲ ತೆರವು ಮಾಡಲು ದೊರೆಯುವ ದಿನಗಳು ಕಡಿಮೆಯಾದವು, ಕೂಳೆಗೆ ಬೆಂಕಿಯಿಡುವ ಕಾಲ ಗಾಳಿ ನಿಲ್ಲುವ ನವೆಂಬರಿಗೆ ಸರಿಯಿತು. ಆ ಹೊಗೆಯನ್ನು ದೆಹಲಿಯ ನಮ್ಮವರು ಪ್ರತಿ ದೀಪಾವಳಿಯ ಹೊತ್ತಿಗೆ ಉಸಿರಾಡುತ್ತಿದ್ದಾರೆ. ಬೆಂಕಿಯ ಚುಕ್ಕೆಗಳನ್ನು ಎಣಿಸುವುದೂ ಉಪಗ್ರಹಗಳೇ. ಒಂದು ಉಪಗ್ರಹ ನೀರಿನ ನಷ್ಟವನ್ನು ತೋರಿಸುತ್ತದೆ. ಅದನ್ನು ತಡೆಯಹೊರಟ ಕಾನೂನಿನ ಹೊಗೆಯನ್ನು ಇನ್ನೊಂದು ಉಪಗ್ರಹ ತೋರಿಸುತ್ತದೆ. ದಂಡದ ಚೀಟಿ ಮಾತ್ರ ಎರಡನೆಯದರ ಆಧಾರದ ಮೇಲೆ ರೈತನ ಮನೆಗೆ ಬರುತ್ತದೆ. ಅಗ್ಗದ ವಿದ್ಯುತ್ತನ್ನೂ ಭತ್ತಕ್ಕೆ ಖಚಿತ ಬೆಲೆಯನ್ನೂ ಕೊಟ್ಟು ಆ ಬೆಳೆಯನ್ನು ಅಲ್ಲಿ ನೆಲೆಗೊಳಿಸಿದವರ ಮನೆಗೆ ಯಾವ ಚೀಟಿಯೂ ಹೋಗುವುದಿಲ್ಲ. 2023ರ ಅಂದಾಜಿನಲ್ಲಿಯೂ ಪಂಜಾಬ್ ತನಗೆ ವರ್ಷವರ್ಷ ದೊರೆಯುವುದರ ಒಂದೂವರೆ ಪಟ್ಟಿಗಿಂತ ಹೆಚ್ಚು ನೀರೆತ್ತುತ್ತಿತ್ತು.

ಈ ವಿಷಯ ನಮ್ಮನ್ನು ಹಿಡಿದುಕೊಂಡದ್ದು ಪಂಜಾಬಿನ ದೆಸೆಯಿಂದಲ್ಲ. ನಾವು ನಾಲ್ವರು, ಅಣ್ಣತಮ್ಮಂದಿರ ಮಕ್ಕಳು. ಪುಣೆ, ಹೈದರಾಬಾದು, ದೆಹಲಿಗಳಲ್ಲಿ ಹಂಚಿಹೋದವರು. ಕೋಲಾರ ಜಿಲ್ಲೆಯಲ್ಲಿ ನಮಗೆ ಹಿರಿಯರ ಆರೆಕರೆ ಜಮೀನಿದೆ. ಅದನ್ನು ನೋಡಿಕೊಳ್ಳುವವರು ಚಿಕ್ಕಪ್ಪ. ಅಲ್ಲಿ ಕೊರೆಸಿದ ಐದು ಕೊಳವೆಬಾವಿಗಳಲ್ಲಿ ನಾಲ್ಕು ಬತ್ತಿವೆ. ಐದನೆಯದು ಒಂದು ಗಂಟೆ ನೀರು ಕೊಟ್ಟು ಮೂರು ಗಂಟೆ ವಿರಮಿಸುತ್ತದೆ. ಹೋದ ಬೇಸಿಗೆಯಲ್ಲಿ ಚಿಕ್ಕಪ್ಪ ಆರನೆಯದಕ್ಕೆ ಹಣ ಕೇಳಿದರು. ಸಾವಿರದ ಮುನ್ನೂರು ಅಡಿಗೆ ಇಳಿಸಬೇಕು, ಕೇಸಿಂಗು, ಮೋಟಾರು, ಪೈಪು, ಕೇಬಲ್ಲು ಎಲ್ಲ ಸೇರಿ ಆರು ಲಕ್ಷದ ಮೇಲಾಗುತ್ತದೆ. ನಾವು ಹೊತ್ತಿಗೆ ಮುಂಚೆ ಉತ್ತರ ಕೊಡದೆ, ನಗರವಾಸಿಗಳ ಚಾಳಿಯಂತೆ, ಓದತೊಡಗಿದೆವು. ಓದಿದ್ದನ್ನು ಫೋನಿನಲ್ಲಿ ವಿವರಿಸಿದಾಗ ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ಅಷ್ಟು ಮೇಲಿಂದ ಕೂದಲೆಳೆ ಅಳೆಯೋ ಮಿಷಿನ್ನು ಅಂತೀರಲ್ಲಪ್ಪಾ, ನಮ್ಮ ಮಾವಿನ ತೋಪಿನ ಕೆಳಗೆ ಎಷ್ಟು ನೀರಿದೆ ಅಂತ ಹೇಳಿಬಿಡಲಿ. ನಾನು ದುಡ್ಡು ಕೇಳೋದೇ ಇಲ್ಲ."

ಅದು ಹೇಳಲಾರದು. ಗ್ರೇಸ್ ನಂಬಿಕೆಯಿಂದ ತೂಗಬಲ್ಲ ಪ್ರದೇಶ ಒಂದೂವರೆ ಎರಡು ಲಕ್ಷ ಚದರ ಕಿಲೋಮೀಟರಿನಷ್ಟು ದೊಡ್ಡದಿರಬೇಕು. ಕರ್ನಾಟಕದ ಒಟ್ಟು ವಿಸ್ತೀರ್ಣ 1,91,791 ಚ.ಕಿ.ಮೀ. ಎಂದರೆ ಆ ತಕ್ಕಡಿಗೆ ಮಲೆನಾಡು, ಬಯಲುಸೀಮೆ, ಕರಾವಳಿಗಳನ್ನೆಲ್ಲ ಕೂಡಿಸಿಟ್ಟ ಇಡೀ ಕರ್ನಾಟಕವೇ ಒಂದು ಬೊಟ್ಟು. ಆಗುಂಬೆಯ ಮಳೆಯೂ ಮುಳಬಾಗಿಲಿನ ಬಿಸಿಲೂ ಒಂದೇ ತಟ್ಟೆಯಲ್ಲಿ. ಅಲ್ಲದೆ ಫಲಿತಾಂಶ ಕೈಗೆ ಬರುವ ಹೊತ್ತಿಗೆ ಸುಮಾರು ಎರಡು ತಿಂಗಳು ಕಳೆದಿರುತ್ತವೆ. ಬಾವಿ ಕೊರೆಸಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಅದರ ಮುಂದಿಡುವುದು, ಲಾರಿ ತೂಗುವ ಕಾಟಾದಲ್ಲಿ ಮೂಗುತಿ ತೂಗಿಸಿದಂತೆ.

ಇದಕ್ಕಿಂತ ಆಳದ ತೊಡಕು ಶಿಲೆಯಲ್ಲಿದೆ. ಪಂಜಾಬಿನ ಕೆಳಗಿರುವುದು ನದಿಗಳು ತಂದು ಸುರಿದ ಮರಳು, ಮೆಕ್ಕಲು. ನೂರಾರು ಮೀಟರ್ ದಪ್ಪ. ನಮ್ಮ ಕಡೆಯ ಗ್ರಾನೈಟ್ ಮತ್ತು ಗ್ನೈಸ್ ನೆಲದಲ್ಲಿ ನೀರು ನಿಲ್ಲುವುದು ಮೇಲಿನ ಕೆಲವು ಹತ್ತು ಮೀಟರಿನ ಶಿಥಿಲ ಪದರದಲ್ಲಿ. ಅದರ ಕೆಳಗೆ ಬಿರುಕುಗಳಲ್ಲಿ ಅಷ್ಟಿಷ್ಟು. ಪಂಜಾಬಿನವರು ಕರಗಿಸುತ್ತಿರುವುದು ಪಿತ್ರಾರ್ಜಿತ ಆಸ್ತಿ. ಕೋಲಾರದ ನೀರು ದಿನಗೂಲಿಯ ಹಾಗೆ: ಮಳೆಗಾಲದಲ್ಲಿ ಬಂದದ್ದು ಬೇಸಿಗೆಗೆ ಖರ್ಚು. ಗಟ್ಟಿಕಲ್ಲಿನ ಸೀಮೆಯಲ್ಲಿ ಜಲಮಟ್ಟ ಒಂದು ಮೀಟರ್ ಕುಸಿದರೂ ಹೊರಬರುವ ನೀರನ್ನು ಹರಡಿ ನಿಲ್ಲಿಸಿದರೆ ಒಂದರಿಂದ ಮೂರು ಸೆಂಟಿಮೀಟರ್ ಎತ್ತರ ಅಷ್ಟೇ. ಒಂದು ಊರಿನ ಬಾವಿಗಳೆಲ್ಲ ಬತ್ತಿ ಜನ ಟ್ಯಾಂಕರಿನ ಹಿಂದೆ ಓಡುವಾಗಲೂ ಆಕಾಶದ ತಕ್ಕಡಿಯ ಮುಳ್ಳು ಹೆಚ್ಚುಕಡಿಮೆ ಅಲ್ಲಾಡದೆ ಇದ್ದೀತು.

ಅಲ್ಲಾಡದೆ ಇರುವುದಿರಲಿ, ಮುಳ್ಳು ಮೇಲಕ್ಕೇ ಹೋಯಿತು. ಗಾಂಧಿನಗರದ ಐಐಟಿಯ ವಿಮಲ್ ಮಿಶ್ರಾ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2002ರಿಂದ 2013ರ ನಡುವೆ ಉತ್ತರ ಭಾರತದ ಅಂತರ್ಜಲ ವರ್ಷಕ್ಕೆ 2 ಸೆಂಟಿಮೀಟರಿನಂತೆ ಇಳಿದಿದ್ದರೆ ದಕ್ಷಿಣ ಭಾರತದ್ದು 1ರಿಂದ 2 ಸೆಂಟಿಮೀಟರಿನಂತೆ ಏರಿತ್ತು. ಉಪಗ್ರಹದ ದತ್ತಾಂಶವೂ ಸರ್ಕಾರಿ ವೀಕ್ಷಣಾ ಬಾವಿಗಳ ದತ್ತಾಂಶವೂ ಒಂದೇ ದಿಕ್ಕನ್ನು ತೋರುತ್ತಿದ್ದವು. ಚಿಕ್ಕಪ್ಪನ ಮೂರನೆಯ ಮತ್ತು ನಾಲ್ಕನೆಯ ಬಾವಿಗಳು ಬತ್ತಿದ್ದು ಸರಿಯಾಗಿ ಆ ಅವಧಿಯಲ್ಲಿ. ಇದನ್ನು ಅವರಿಗೆ ಹೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಈ ವೈರುಧ್ಯದ ಬೆನ್ನು ಹತ್ತಿದವರು ಮೂವರು: ತೇಜಸ್ವಿ ಹೋರಾ, ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ನಂದಿತಾ ಬಸು. ದಕ್ಷಿಣ ಭಾರತದಲ್ಲಿ ಅಂತರ್ಜಲ ಚೇತರಿಸಿಕೊಂಡಿದೆ ಎಂಬ ಮಾತನ್ನು ಅವರು 2019ರಲ್ಲಿ ಪ್ರಶ್ನಿಸಿದರು. ದೀರ್ಘಕಾಲದ ಏರಿಳಿತವನ್ನು ಲೆಕ್ಕ ಹಾಕುವವರು ಸಹಜವಾಗಿಯೇ ಪ್ರತಿವರ್ಷದ ಅಳತೆ ದೊರೆಯುವ ಬಾವಿಗಳನ್ನು ಆರಿಸಿಕೊಳ್ಳುತ್ತಾರೆ. ಅಳತೆ ಬಿಟ್ಟುಹೋದವನ್ನು ಕೈಬಿಡುತ್ತಾರೆ. ಅಳತೆ ಬಿಟ್ಟುಹೋಗುವುದು ಏಕೆ? ಹಲವು ವೇಳೆ ಬಾವಿ ಬತ್ತಿದ್ದರಿಂದ. ಅಧಿಕಾರಿ ಬಂದು, ಟೇಪು ಇಳಿಬಿಟ್ಟು, ನೀರು ಸಿಗದೆ, ಆ ಸಲದ ಖಾನೆಯನ್ನು ಖಾಲಿ ಬಿಟ್ಟು ಹೋಗುತ್ತಾನೆ. ಗಣಕಕ್ಕೆ ಆ ಖಾಲಿ ಖಾನೆ ಮಾಹಿತಿಯ ಕೊರತೆ. ಊರಿಗೆ ಅದೇ ಮುಖ್ಯ ಮಾಹಿತಿ. ಹೀಗೆ ಸತ್ತವು ಪಟ್ಟಿಯಿಂದ ಹೊರಗೆ ಬಿದ್ದು, ನೀರಿರುವ ಬಾವಿಗಳಷ್ಟೇ ಉಳಿದು, ಅವುಗಳ ಸರಾಸರಿ ಏರಿತು. ಊರಿನವರ ಆಯುಷ್ಯವೆಷ್ಟು ಎಂದು ಬದುಕಿರುವವರನ್ನು ಮಾತ್ರ ವಿಚಾರಿಸಿದಂತೆ.

ಉಪಗ್ರಹಕ್ಕೆ ಈ ಪಕ್ಷಪಾತವಿಲ್ಲ, ನಿಜ. ಅದಕ್ಕೆ ಬಾವಿ ಬತ್ತಿದ್ದೂ ಇಲ್ಲದ್ದೂ ಒಂದೇ. ಆದರೆ ಅದು ಎಣಿಕೆ ಆರಂಭಿಸಿದ ಗಳಿಗೆಯನ್ನು ಗಮನಿಸಬೇಕು. 2002 ದೇಶಕ್ಕೆಲ್ಲ ಬರದ ವರ್ಷ. ಕರ್ನಾಟಕದಲ್ಲಿ 2001ರಿಂದ 2004ರವರೆಗೆ ಸತತ ಬರ. ಹಳ್ಳದ ತಳದಿಂದ ನಡೆಯತೊಡಗಿದವನಿಗೆ ಯಾವ ದಿಕ್ಕಿಗೆ ಹೋದರೂ ಏರೇ. ಮುಂದಿನ ವರ್ಷಗಳ ಮಳೆ ಮೇಲಿನ ಪದರವನ್ನು ತುಂಬಿದ್ದರೆ ತೂಕ ಏರಿರಲೇಬೇಕು. ಮಣ್ಣಿನ ತೇವವೆಷ್ಟು, ಕೆರೆಗಳ ನೀರೆಷ್ಟು ಎಂಬ ಕಳೆಯುವ ಲೆಕ್ಕದ ಊಹೆ ಇಲ್ಲಿ ತುಸು ತಪ್ಪಿದರೂ, ಒಂದೆರಡು ಸೆಂಟಿಮೀಟರಿನ ಫಲಿತಾಂಶ ಅತ್ತ ಇತ್ತ ಹೊರಳಿಬಿಡುತ್ತದೆ. ಪಂಜಾಬಿನ ಕುಸಿತ ಅಂಥ ಹೊರಳಿಗೆ ಸಿಗದಷ್ಟು ದೊಡ್ಡದು. ಅಲ್ಲಿ ಗ್ರೇಸ್‌ನ ಮಾತಿಗೆ ಎದುರಿಲ್ಲ. ನಮ್ಮಲ್ಲಿ ಅದನ್ನು ಒಂಟಿ ಸಾಕ್ಷಿಯಾಗಿ ಕಟಕಟೆಗೆ ಕರೆಯಬಾರದು ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಆಕಾಶದಲ್ಲಿರುವುದು ತಕ್ಕಡಿ ಒಂದೇ ಅಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ತೆಗೆದ ಕೋಲಾರದ ಯಾವುದಾದರೂ ಉಪಗ್ರಹಚಿತ್ರವನ್ನು ನೋಡಿ. ನಾಲುವೆಯಿಲ್ಲ, ಮಳೆಯಾಗಿ ತಿಂಗಳುಗಳು ಕಳೆದಿವೆ. ಆಗ ಕೆಂಪುನೆಲದ ನಡುವೆ ಹಚ್ಚಗೆ ಕಾಣುವ ತುಂಡುಗಳಲ್ಲಿ ಮಾವು, ನೀಲಗಿರಿಯ ತೋಪುಗಳನ್ನು ಬಿಟ್ಟರೆ ಉಳಿದದ್ದು ಟೊಮೇಟೊ, ಹಿಪ್ಪುನೇರಳೆ, ತರಕಾರಿ. ಒಂದೊಂದು ಹಸಿರು ಚೌಕದ ಕೆಳಗೂ ಒಂದು ಪಂಪು ಓಡುತ್ತಿದೆ. ಇದನ್ನು ತಿಳಿಯಲು ಮೀಟರು ಬೇಡ. ಅಷ್ಟೇ ಅಲ್ಲ, ನೀರು ಕುಡಿದ ಗಿಡ ಎಲೆಯಿಂದ ಬೆವರುತ್ತದೆ, ಬೆವರಿದ ಎಲೆ ತಣ್ಣಗಿರುತ್ತದೆ. ಲ್ಯಾಂಡ್‌ಸ್ಯಾಟ್‌ನಂಥ ಉಪಗ್ರಹಗಳು ನೆಲದ ಶಾಖವನ್ನೂ ಅಳೆಯುವುದರಿಂದ, ಎಷ್ಟು ನೀರು ಆವಿಯಾಗಿ ಹೋಯಿತೆಂದು ಹೊಲದ ಮಟ್ಟದಲ್ಲಿಯೇ ಅಂದಾಜಿಸಬಹುದು. ಒಂದು ಪಂಚಾಯಿತಿಯ ಬೇಸಿಗೆ ಖರ್ಚನ್ನು ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಸದ್ಯಕ್ಕೆ ಕಾಣೆವು. ಗ್ರೇಸ್‌ನಷ್ಟು ಪ್ರಸಿದ್ಧಿ ಇದಕ್ಕಿಲ್ಲ. ಉಪಯೋಗ ಮಾತ್ರ ಹೆಚ್ಚು.

ಮೂರನೆಯದು ರೇಡಾರ್. ಜೇಡಿಪದರಗಳಿಂದ ನೀರು ತೆಗೆದರೆ ಅವು ಅದುಮಿಕೊಳ್ಳುತ್ತವೆ, ಮೇಲಿನ ನೆಲ ಕುಸಿಯುತ್ತದೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಅಲೆಗಳನ್ನು ದಿನಾಂಕದಿಂದ ದಿನಾಂಕಕ್ಕೆ ಹೋಲಿಸಿ ಮಿಲಿಮೀಟರುಗಳ ಕುಸಿತವನ್ನೂ ಗುರುತಿಸುತ್ತಾರೆ. ದೆಹಲಿಯ ವಿಮಾನ ನಿಲ್ದಾಣದ ಮಗ್ಗುಲಿನ ಕಾಪಸ್‌ಹೇಡಾದಲ್ಲಿ ನೆಲ 2014-16ರಲ್ಲಿ ವರ್ಷಕ್ಕೆ ಸುಮಾರು 11 ಸೆಂ.ಮೀ., ಅನಂತರ 17 ಸೆಂ.ಮೀ. ಇಳಿಯಿತೆಂದು 2022ರಲ್ಲಿ ಪ್ರಕಟವಾದ ಶಗುನ್ ಗರ್ಗ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಅದೇ ಅಧ್ಯಯನದಲ್ಲಿ ದ್ವಾರಕಾದ ನೆಲ ಮೊದಲು ಇಳಿದು, ಬಳಿಕ ನಿಧಾನವಾಗಿ ಏರಿದ್ದೂ ಕಂಡಿತು. ಅಲ್ಲಿ ನಲ್ಲಿನೀರು ಬಂದು ಕೊಳವೆಬಾವಿಗಳ ಮೇಲಿನ ಒತ್ತಡ ತಗ್ಗಿತ್ತು, ಮಳೆನೀರಿನ ಕೊಯ್ಲು ನಡೆದಿತ್ತು. ನಮ್ಮಲ್ಲಿ ಒಬ್ಬರ ಮನೆ ದ್ವಾರಕಾದಲ್ಲಿಯೇ ಇದೆ. ತಮ್ಮ ಅಂಗಳ ಮೇಲೇರುತ್ತಿದೆ ಎಂಬ ವಾರ್ತೆಯನ್ನು ಅವರು ನಂಬಲು ಎರಡು ದಿನ ಹಿಡಿಯಿತು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಏರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನೈಸಾರ್‌ನದೂ ಇದೇ ವಿದ್ಯೆ. ಇದರ ಕುರುಡೂ ನಮ್ಮ ಕಡೆಗೇ ಬಂದು ಬೀಳುತ್ತದೆ: ಬೆಂಗಳೂರಿನ ಕೆಳಗಿನ ಕಲ್ಲು ಅದುಮಿಕೊಳ್ಳುವುದಿಲ್ಲ. 2024ರ ಮಾರ್ಚಿನಲ್ಲಿ, ನಗರದ 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆಯೆಂದು ಮುಖ್ಯಮಂತ್ರಿಗಳೇ ಹೇಳಿದ ಹೊತ್ತಿನಲ್ಲಿ, ಮೇಲಿನ ನೆಲ ಏನೂ ಆಗದಂತೆ ಗಟ್ಟಿಯಾಗಿ ನಿಂತಿತ್ತು.

ಹಾಗಾದರೆ ನಿರ್ವಹಣೆ ಎಂಬುದು ಎಲ್ಲಿ ನಡೆಯುತ್ತದೆ? ಪುಣೆಯಲ್ಲಿರುವ ನಮ್ಮವರು ಕಂಡುಬಂದ ಹಿವರೆ ಬಾಜಾರ್ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಒಂದು ಮಳೆನೆರಳಿನ ಹಳ್ಳಿ. ಪೋಪಟ್‌ರಾವ್ ಪವಾರ್ ಸರಪಂಚರಾದ ಮೇಲೆ ಆ ಊರು ನೀರಾವರಿಗೆ ಕೊಳವೆಬಾವಿ ಕೊರೆಯುವುದನ್ನು ತಾನಾಗಿ ನಿಷೇಧಿಸಿಕೊಂಡಿತು, ಕಬ್ಬು ಬಾಳೆಗಳನ್ನು ಬಿಟ್ಟಿತು, ಪ್ರತಿವರ್ಷ ಮಳೆಯನ್ನು ಅಳೆದು ಆ ವರ್ಷದ ಬೆಳೆಯನ್ನು ಗ್ರಾಮಸಭೆಯಲ್ಲಿ ತೀರ್ಮಾನಿಸಿತು. ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ಎರಡು ಸಾವಿರದ ದಶಕದಲ್ಲಿ ರೈತರೇ ತಮ್ಮ ಬಾವಿಗಳ ಮಟ್ಟವನ್ನು ಅಳೆದು, ಹಿಂಗಾರಿಗೆ ಮುನ್ನ ಕೂತು ನೀರಿನ ಆಯವ್ಯಯ ಬರೆದರು. ಯಾರ ಮೇಲೂ ಬಲವಂತವಿರಲಿಲ್ಲ. ಲೆಕ್ಕ ಕಣ್ಣೆದುರಿಗೆ ಗೋಡೆಯ ಮೇಲಿತ್ತು, ಅಷ್ಟೇ. 2019ರ ಡಿಸೆಂಬರಿನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ ಇದೇ ಪದ್ಧತಿಯನ್ನು ಕರ್ನಾಟಕವೂ ಸೇರಿ ಏಳು ರಾಜ್ಯಗಳ ಎಂಟು ಸಾವಿರಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಹರಡಲು ಹೊರಟಿತು. ಇಂಥ ಗೋಡೆಬರಹಕ್ಕೆ ಬೇಸಿಗೆಯ ಹಸಿರು ಚೌಕಗಳ ನಕ್ಷೆ ಸೇರಿದರೆ ಉಪಗ್ರಹ ಊರಿನ ಕೆಲಸಕ್ಕೆ ಬರುತ್ತದೆ. ತಾಲ್ಲೂಕು ಕಚೇರಿಯ ಕಡತದಲ್ಲಿ ಮಾತ್ರ ಸೇರಿದರೆ ದಂಡದ ಚೀಟಿಯಾಗುತ್ತದೆ.

ಆ ಗೋಡೆಗೆ ಇನ್ನೂ ಒಂದು ಖಾನೆ ಬೇಕು ಎಂದು ನಮಗೆ ಅನ್ನಿಸಿತು. ಚಿಕ್ಕಪ್ಪನಿಗೆ ಆರು ಲಕ್ಷ ಕಳಿಸಲಿಲ್ಲ. ಕುಂಟೆಯ ಹೂಳೆತ್ತಿಸಲು, ಹನಿ ನೀರಾವರಿಗೆ ಎಂದು ಒಂದೂವರೆ ಲಕ್ಷ ಕಳಿಸಿದೆವು. ಅವರಿಗೆ ಸಮಾಧಾನವಾಗಲಿಲ್ಲ. "ಪಕ್ಕದ ಹೊಲದೋರು ಸಾವಿರದ ನಾನೂರು ಅಡಿಗೆ ಹಾಕಿಸಿದ್ದಾರೆ, ಎರಡಿಂಚು ಬಿದ್ದಿದೆ. ನಮ್ಮ ಕುಂಟೇಲಿ ಇಂಗಿದ ನೀರು ಅವರ ಪೈಪಲ್ಲೇ ಬರೋದು, ನೋಡ್ತಿರಿ" ಎಂದರು. ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬಿರುಕಿನಲ್ಲಿ ಹರಿಯುವ ನೀರಿಗೆ ಪಹಣಿಯ ಗಡಿ ಗೊತ್ತಾಗುವುದಿಲ್ಲ.

ಆದರೆ ಇನ್ನೊಂದು ಕೆಲಸಕ್ಕೆ ಅವರು ಒಪ್ಪಿದರು. ಊರಿನಲ್ಲಿ ಇದುವರೆಗೆ ಬತ್ತಿದ ಬಾವಿಗಳೆಷ್ಟು? ಯಾರ ಹೊಲದಲ್ಲಿ, ಎಷ್ಟು ಅಡಿ, ಯಾವ ವರ್ಷ ಕೊರೆದದ್ದು, ಯಾವ ವರ್ಷ ನಿಂತದ್ದು, ಆಗ ಹಾಕಿದ್ದ ಬೆಳೆ ಯಾವುದು? ಊರು ಬಿಟ್ಟು ಬೇರೆ ಬೇರೆ ನಗರ ಸೇರಿದ ನೆಂಟರಿಷ್ಟರಿಗೆಲ್ಲ ನಾವು ಫೋನು ಮಾಡಿದೆವು. ಬಾವಿ ಬತ್ತಿದ ವರ್ಷ ಯಾರಿಗೂ ಮರೆತಿಲ್ಲ. ಮಗಳ ಮದುವೆ ನಿಂತ ವರ್ಷ, ತಮ್ಮ ಬೆಂಗಳೂರಿಗೆ ಹೋದ ವರ್ಷ, ಹಸು ಮಾರಿದ ವರ್ಷ ಎಂದು ಗುರುತು ಹಿಡಿದು ಹೇಳಿದರು. ನಮ್ಮ ಜಮೀನಿನ ಮೊದಲನೆಯದು 1987ರಲ್ಲಿ 180 ಅಡಿ. ನಾಲ್ಕನೆಯದು 2009ರಲ್ಲಿ 950 ಅಡಿ. ಅಜ್ಜನ ಕಾಲದ ತೆರೆದ ಬಾವಿಯನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂದು ಸ್ವಲ್ಪ ವಾದವಾಯಿತು, ಕೊನೆಗೆ ಹಿಡಿದೆವು. ಪಟ್ಟಿಯಲ್ಲಿ ಸದ್ಯಕ್ಕೆ 61 ಇವೆ. ನಿನ್ನೆ ರಾತ್ರಿ ಚಿಕ್ಕಪ್ಪ ಫೋನು ಮಾಡಿ, ಕೆರೆಯಂಗಳದ ಕಡೆಯವು ಇನ್ನೆರಡು ನೆನಪಾದವು, ಬರೆದುಕೊಳ್ಳಿ ಎಂದರು.